ಸಮಾನತೆ ಮೇಲ್ಮಹಡಿಯಲ್ಲಿ, ಲಿಫ್ಟ್ ಕೀಲಿ ಯಾರದೋ ಜೇಬಿನಲ್ಲಿ

ಮಾನ್ಯ ಸಂಪಾದಕರೇ,

ವಿನ್ಯಾಸ, ಗಣಿತ, ಕಡಲ ಸಂರಕ್ಷಣೆ ಅಂತ ಮೂರು ವಿಷಯ ಇಟ್ಟುಕೊಂಡು ಭಾನುವಾರ ನಡೆದ ಸಂಶೋಧನಾ ಸಂವಾದದ ಬಗ್ಗೆ ನಿಮ್ಮ ಮೂರನೇ ಪುಟದಲ್ಲಿ ಬಂದ ವರದಿ ಓದಿದೆ. 'ಸರ್ವರಿಗೂ ಮುಕ್ತವಾಗಿದ್ದ ಕಾರ್ಯಕ್ರಮ ಯಶಸ್ವಿಯಾಗಿ ನೆರವೇರಿತು' ಅಂತ ಬರೆದಿದ್ದೀರಿ. ನಿಮ್ಮ ವರದಿಗಾರರು ಮೆಟ್ಟಿಲು ಹತ್ತಿ ಹೋಗಿರಬೇಕು. ಮೊಣಕಾಲು ಗಟ್ಟಿ ಇರುವವರಿಗೆ ಎಲ್ಲವೂ ಮುಕ್ತವೇ ಬಿಡಿ.

ಆ ಸಭಾಂಗಣ ಯಾವುದು, ಅದರ ಮೆಟ್ಟಿಲು ಎಂಥದ್ದು ಅಂತ ನಿಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಅಮ್ಮನಿಗೆ ವಾಕರ್ ಇಲ್ಲದೆ ಒಂದು ಹೆಜ್ಜೆ ಇಡಲಾಗದು. ಲಿಫ್ಟ್ ಇದೆ ಅಂತ ಆಹ್ವಾನ ಪತ್ರಿಕೆಯಲ್ಲೇ ಹಾಕಿದ್ದರು. ಇತ್ತು ಕೂಡ. ಅದಕ್ಕೊಂದು ಬೀಗ, ಬೀಗದ ಪಕ್ಕ 'ಗಣ್ಯರಿಗೆ ಮಾತ್ರ' ಎಂಬ ಚೀಟಿ. ಕೀಲಿ ಕಾವಲುಗಾರರ ಹತ್ತಿರ ಇದೆ ಅಂದರು ಸ್ವಯಂಸೇವಕರು. ವ್ಯವಸ್ಥಾಪಕರ ಹತ್ತಿರ ಇದೆ ಅಂದರು ಕಾವಲುಗಾರರು. ವ್ಯವಸ್ಥಾಪಕರು ಮುಖ್ಯ ಅತಿಥಿಗಳನ್ನು ಕರೆತರಲು ಹೋಗಿದ್ದರು, ಕೀಲಿ ಅವರ ಜೇಬಿನಲ್ಲಿ. ಅಷ್ಟರಲ್ಲಿ ಮೇಲ್ಮಹಡಿಯಲ್ಲಿ ಮೊದಲ ಉಪನ್ಯಾಸ ಶುರುವಾಗಿತ್ತು. ವಿಷಯ: ವಿನ್ಯಾಸದಲ್ಲಿ ಸಮಾನತೆ.

"ನೀನು ಹೋಗು, ನಾನಿಲ್ಲೇ ಕೂತಿರ್ತೀನಿ" ಅಂದರು ಅಮ್ಮ. ಹೋದೆ. ಉಪನ್ಯಾಸ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಕಾರುಗಳ ಡಿಕ್ಕಿ ಪರೀಕ್ಷೆಯಲ್ಲಿ ಕೂರಿಸುವ ಬೊಂಬೆಯ ಕತೆ ಹೇಳಿದರು. 1976ರಲ್ಲಿ ಬಂದ 'ಹೈಬ್ರಿಡ್ 3' ಎಂಬ ಬೊಂಬೆ ಸರಾಸರಿ ಗಂಡಸಿನ ಅಳತೆಯದು. ಸುಮಾರು 175 ಸೆಂಟಿಮೀಟರ್ ಎತ್ತರ, 78 ಕಿಲೋ ತೂಕ. ಆಮೇಲೆ ಹೆಂಗಸಿನದು ಅಂತ ತಂದದ್ದು ಅದನ್ನೇ ಕುಗ್ಗಿಸಿದ 49 ಕಿಲೋದ ಬೊಂಬೆ. ಮೈಯ ಆಕಾರ ಬೇರೆ, ಕತ್ತು ಬೇರೆ, ಕೂರುವ ಭಂಗಿ ಬೇರೆ ಅಂತ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. 162 ಸೆಂಟಿಮೀಟರ್, 62 ಕಿಲೋದ ಸರಾಸರಿ ಹೆಂಗಸಿನ ಬೊಂಬೆಯನ್ನು ಸ್ವೀಡನ್ನಿನ ಆಸ್ಟ್ರಿಡ್ ಲಿಂಡರ್ ತಂಡ ತೋರಿಸಿದ್ದು 2022ರಲ್ಲಿ. ಅದಕ್ಕೂ ಮೊದಲೇ, 2019ರಲ್ಲಿ, ವರ್ಜೀನಿಯಾ ವಿಶ್ವವಿದ್ಯಾಲಯದವರು ಅಮೆರಿಕದ ಅಪಘಾತಗಳ ಲೆಕ್ಕ ತೆಗೆದಿದ್ದರು. ಗಂಡಸು ಹೆಂಗಸು ಇಬ್ಬರೂ ಬೆಲ್ಟ್ ಹಾಕಿದ್ದರೂ ಎದುರು ಡಿಕ್ಕಿಯಲ್ಲಿ ಗಂಭೀರ ಗಾಯವಾಗುವ ಸಂಭವ ಹೆಂಗಸಿಗೆ ಶೇ 73ರಷ್ಟು ಜಾಸ್ತಿ. ನಾನು ಕುಳ್ಳಿ. ಕಾರಿನಲ್ಲಿ ಬೆಲ್ಟ್ ನನ್ನ ಎದೆ ಬಿಟ್ಟು ಕತ್ತು ಕುಯ್ಯುತ್ತದೆ. "ನಿನ್ನ ಎತ್ತರಕ್ಕೆ ಯಾರು ಏನು ಮಾಡೋಕಾಗುತ್ತೆ" ಅಂತಾರೆ ನಮ್ಮ ಯಜಮಾನರು. ಅವರನ್ನೂ ಕರೆದುಕೊಂಡು ಹೋಗಬೇಕಿತ್ತು.

ಇಷ್ಟು ಕೇಳುವಾಗ ನನ್ನ ಬೆರಳು ಮರಗಟ್ಟಿತ್ತು. ಎಸಿ ಅಷ್ಟು ಜೋರು. ಅದಕ್ಕೂ ಸಂಶೋಧನೆ ಇದೆಯಂತೆ! ಕಚೇರಿಗಳ ತಂಪು ಎಷ್ಟಿರಬೇಕು ಅನ್ನುವ ಸೂತ್ರ 40 ವರ್ಷದ, 70 ಕಿಲೋ ತೂಕದ ಗಂಡಸಿನ ಮೈಶಾಖವನ್ನು ನೆಚ್ಚಿಕೊಂಡಿದೆ ಅಂತ 2015ರಲ್ಲೇ ಇಬ್ಬರು ವಿಜ್ಞಾನಿಗಳು ತೋರಿಸಿದ್ದಾರೆ. ಸರಿ, ಸ್ವಲ್ಪ ಕಡಿಮೆ ಮಾಡಿ ಅಂತ ಸ್ವಯಂಸೇವಕರನ್ನು ಕೇಳಿದೆ. ಎಸಿಯ ರಿಮೋಟ್ ಕೂಡ ವ್ಯವಸ್ಥಾಪಕರ ಹತ್ತಿರವೇ ಇತ್ತು. ಪ್ರಶ್ನೆ ಕೇಳೋಣ ಅಂತ ಎದ್ದರೆ ಮೈಕ್ ನನ್ನ ನೆತ್ತಿಯ ಮೇಲಿತ್ತು. ತಗ್ಗಿಸುವ ತಿರುಪು ತುಕ್ಕು ಹಿಡಿದು ಕೂತಿತ್ತು. "ಜೋರಾಗಿ ಮಾತಾಡಿ ಮೇಡಂ, ಕೇಳಿಸುತ್ತೆ" ಅಂದರು. ಕೇಳಿಸಲಿಲ್ಲ. ನನ್ನ ಹಿಂದೆ ನಿಂತಿದ್ದ ಎತ್ತರದ ಹುಡುಗ ನನ್ನ ಪ್ರಶ್ನೆಯನ್ನೇ ಕೇಳಿ ಚಪ್ಪಾಳೆ ತೆಗೆದುಕೊಂಡ.

ಇದೇ ಕಟ್ಟಡದ ಮುಂದಿನ ಇಳಿಜಾರಿನ ಬಗ್ಗೆ ನಾನು ಹಿಂದೆಯೂ ನಿಮಗೆ ಬರೆದಿದ್ದೆ, ನೀವು ಅರ್ಧ ಕತ್ತರಿಸಿ ಹಾಕಿದ್ದಿರಿ. ಗಾಲಿಕುರ್ಚಿ ಹತ್ತಬೇಕಾದರೆ ಒಂದು ಅಡಿ ಏರಿಗೆ ಹನ್ನೆರಡು ಅಡಿ ಉದ್ದ ಬೇಕು, ಇದು ಬಹಳ ಕಡೆ ಒಪ್ಪಿಕೊಂಡಿರುವ ಲೆಕ್ಕ. ಇವರು ಕಟ್ಟಿರುವುದು ಜಾರುಬಂಡೆ. ಕೇಳಿದರೆ ಅದು ಕಟ್ಟಡ ವಿಭಾಗದ್ದು ಅಂದರು. ಕಟ್ಟಡ ವಿಭಾಗದವರು ರಸ್ತೆಯವರನ್ನು ತೋರಿಸಿದರು. ರಸ್ತೆಯವರು ದೂರಿನ ಸಂಖ್ಯೆ ಕೊಟ್ಟರು. ಆ ಸಂಖ್ಯೆ ಹಾಕಿದರೆ 'ಪರಿಹರಿಸಲಾಗಿದೆ' ಅಂತ ಬರುತ್ತದೆ. ಕುರುಡರಿಗೆ ಅಂತ ಹಾಕಿರುವ ಉಬ್ಬು ಗೆರೆಯ ಹಾಸುಗಲ್ಲನ್ನೂ ಹೋಗಿ ನೋಡಿ. ನೇರವಾಗಿ ಕರೆಂಟ್ ಕಂಬಕ್ಕೆ ಕರೆದುಕೊಂಡು ಹೋಗಿ ನಿಲ್ಲಿಸುತ್ತದೆ. ಜಪಾನಿನ ಸೆಯಿಚಿ ಮಿಯಾಕೆ ಇದನ್ನು ಯೋಚಿಸಿ, 1967ರಲ್ಲಿ ಒಕಾಯಾಮಾದ ರಸ್ತೆಯಲ್ಲಿ ಮೊದಲ ಸಲ ಹಾಕಿಸಿದ್ದು ಕಂಬ ಹುಡುಕಲಿ ಅಂತಲ್ಲ.

ಸರಿ, ಗಣಿತಕ್ಕೆ ಬರುತ್ತೇನೆ. ಆ ಹೊತ್ತಿಗೆ ಕೀಲಿ ಬಂತು, ಯಾಕೆಂದರೆ ಮುಖ್ಯ ಅತಿಥಿಗಳು ಬಂದರು. ಅವರ ಹಿಂದೆಯೇ ಅಮ್ಮನನ್ನೂ ಮೇಲೆ ಕರೆತಂದೆ. ಅತಿಥಿಗಳು ತಮ್ಮ ಬಾಲ್ಯದಲ್ಲಿ ಗಣಿತ ಎಷ್ಟು ಕಷ್ಟ ಆಗಿತ್ತು ಅಂತ ದೀರ್ಘವಾಗಿ ನಗಿಸಿದರು. ನಿಜವಾಗಿ ಗಣಿತ ಬಲ್ಲ ಹುಡುಗಿಗೆ ಉಳಿದದ್ದು ಕಾಲು ಗಂಟೆ. ಪಾಪ, ಅಷ್ಟರಲ್ಲೇ ಆಕೆ ರಟ್ಟಿನ ತುಂಡುಗಳನ್ನು ಎಲ್ಲರ ಕೈಗೆ ಕೊಟ್ಟರು. 13 ಅಂಚಿನ, ಟೋಪಿಯಂತೆ ಕಾಣುವ ಆಕಾರ. ಇದೊಂದೇ ಆಕಾರದಿಂದ ಎಷ್ಟು ದೊಡ್ಡ ನೆಲವನ್ನಾದರೂ ಸಂದಿಲ್ಲದೆ ಮುಚ್ಚಬಹುದು, ಆದರೆ ವಿನ್ಯಾಸ ಮಾತ್ರ ಒಂದೇ ಪಟ್ಟಿಯಾಗಿ ಮತ್ತೆ ಮತ್ತೆ ಬರುವುದಿಲ್ಲ. ಇದನ್ನು ಕಂಡುಹಿಡಿದ ಡೇವಿಡ್ ಸ್ಮಿತ್ ಪ್ರಾಧ್ಯಾಪಕರಲ್ಲ. ಇಂಗ್ಲೆಂಡಿನಲ್ಲಿ ಮುದ್ರಣದ ಕೆಲಸ ಮಾಡಿ ನಿವೃತ್ತರಾದವರು. ಮೂವರು ಜೊತೆಗಾರರೊಂದಿಗೆ 2023ರ ಮಾರ್ಚ್‌ನಲ್ಲಿ ಪುರಾವೆ ಸಮೇತ ಮುಂದಿಟ್ಟರು. ಕೆಲವು ತುಂಡನ್ನು ಮಗುಚಿ ಜೋಡಿಸಬೇಕಲ್ಲ, ಅದು ಮೋಸ ಅಂತ ಕೆಲವರು ಗೊಣಗಿದರು. ಮೇ ತಿಂಗಳಲ್ಲಿ ಮಗುಚುವುದೇ ಬೇಡದ ಇನ್ನೊಂದು ಆಕಾರ ತಂದರು. ಗೊಣಗಿದ್ದಕ್ಕೆ ಎರಡೇ ತಿಂಗಳಲ್ಲಿ ಉತ್ತರ! ನಮ್ಮ ಇಲಾಖೆಗಳ ಮಾತು ಬೇಡ.

ಅಮ್ಮ ತೊಡೆಯ ಮೇಲೆ ನಾಲ್ಕೈದು ತುಂಡು ಜೋಡಿಸಿ, ಇನ್ನೊಂದನ್ನು ಮಗುಚಿ ಮಗುಚಿ ನೋಡುತ್ತಿದ್ದರು. ಸ್ವಯಂಸೇವಕರು ಬಂದು "ವಾಪಸ್ ಕೊಡಿ, ಲೆಕ್ಕ ಒಪ್ಪಿಸಬೇಕು" ಅಂತ ಬಾಚಿಕೊಂಡು ಹೋದರು. ರಟ್ಟು ಸ್ವಾಮೀ. ರಟ್ಟಿನ ತುಂಡು.

ಇನ್ನು ನಿಮ್ಮ ಪಾಲಿನದು. ಈಗ ಗೊತ್ತಿರುವ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ ಅಂತ ನಿಮ್ಮ ವರದಿಯಲ್ಲಿ ಏನು ಅಚ್ಚಾಗಿದೆ ನೋಡಿದಿರಾ? '2136279841-1'. ಅಂದರೆ 2136279840. ಕೊನೆಯಲ್ಲಿ ಸೊನ್ನೆ! ಹತ್ತರಿಂದ ಭಾಗ ಹೋಗುತ್ತದೆ ಅಂತ ಶಾಲೆಯ ಮಗು ಹೇಳುತ್ತದೆ. ಆ ಗಣಿತದ ಹುಡುಗಿ ಹೇಳಿದ್ದು 2ರ ಘಾತ 136279841, ಅದರಲ್ಲಿ 1 ಕಳೆಯಬೇಕು ಅಂತ. ಘಾತವನ್ನು ಮೇಲೆ ಚಿಕ್ಕದಾಗಿ ಹಾಕುವ ಬದಲು ಸಾಲಿನಲ್ಲೇ ಸೇರಿಸಿಬಿಟ್ಟಿದ್ದೀರಿ. 2024ರ ಅಕ್ಟೋಬರ್‌ನಲ್ಲಿ ಲ್ಯೂಕ್ ಡ್ಯುರಾಂಟ್ ಕಂಡುಕೊಂಡ ಆ ಸಂಖ್ಯೆಯಲ್ಲಿ 4,10,24,320 ಅಂಕಿಗಳಿವೆ. ನಿಮ್ಮ ಒಂದು ಪುಟಕ್ಕೆ ಹತ್ತು ಸಾವಿರ ಅಂಕಿ ತುರುಕಿದರೂ ನಾಲ್ಕು ಸಾವಿರಕ್ಕೂ ಮೀರಿ ಪುಟ ಬೇಕು. ನೀವು ಹತ್ತೇ ಅಂಕಿಯಲ್ಲಿ ಮುಗಿಸಿದ್ದೀರಿ. ಮುಖ್ಯ ಅತಿಥಿಗಳ ಹೆಸರಿನ ಹಿಂದೆ ಮುಂದೆ ಇರುವ ಬಿರುದು ಒಂದೂ ತಪ್ಪಿಲ್ಲ, ಅದನ್ನು ಮೆಚ್ಚಬೇಕು.

ಕಡಲ ಸಂರಕ್ಷಣೆಗೆ ಕೊನೆಯ ಸರದಿ. ಅಷ್ಟರಲ್ಲಿ ಅರ್ಧ ಸಭೆ ಖಾಲಿ, ಕುರ್ಚಿಗಳ ಕೆಳಗೆಲ್ಲ ಅರ್ಧ ಕುಡಿದ ಪ್ಲಾಸ್ಟಿಕ್ ನೀರಿನ ಬಾಟಲಿ. ಅದೇ ಬಾಟಲಿ ವೇದಿಕೆಯ ಮೇಲೂ ಸಾಲಾಗಿ ನಿಂತಿತ್ತು, ಹಿಂದಿನ ಪರದೆಯಲ್ಲಿ ಬಲೆಗೆ ಸಿಕ್ಕ ಆಮೆಯ ಚಿತ್ರ. ಉಪನ್ಯಾಸಕರು ಅದನ್ನೊಮ್ಮೆ ಇದನ್ನೊಮ್ಮೆ ನೋಡಿ ಸುಮ್ನೆ ಶುರು ಮಾಡಿದರು. ಅವರು ಹೇಳಿದ ಒಂದು ಮಾತು ನಿಮ್ಮ ವರದಿಯಲ್ಲಿ ಇಲ್ಲವೇ ಇಲ್ಲ. ಯುರೋಪಿನ 700ಕ್ಕೂ ಹೆಚ್ಚು ಸಂರಕ್ಷಿತ ಕಡಲ ಪ್ರದೇಶಗಳನ್ನು ಪರಿಶೀಲಿಸಿದ 2018ರ ಅಧ್ಯಯನದಲ್ಲಿ ಶೇ 59 ಕಡೆ ದೋಣಿಗಳು ಟ್ರಾಲ್ ಎಂಬ ಚೀಲದಂಥ ದೊಡ್ಡ ಬಲೆ ಎಳೆಯುತ್ತಿದ್ದದ್ದು ಕಂಡಿತು. ಅದೂ ಹೊರಗಿಗಿಂತ ಒಳಗೇ 1.4 ಪಟ್ಟು ಜಾಸ್ತಿ. ಸಂರಕ್ಷಿತ ಅಂತ ಬೋರ್ಡ್ ಹಾಕಿದರೆ ಅಲ್ಲಿ ಏನು ಮಾಡಬಾರದೋ ಅದೇ ಹೆಚ್ಚು ನಡೆಯುತ್ತದೆ ಅಂತಾಯಿತು. 2024ರಲ್ಲಿ ಉಪಗ್ರಹದ ಚಿತ್ರಗಳನ್ನು ಜೋಡಿಸಿ ನೋಡಿದವರು ಇನ್ನೊಂದು ಹೇಳಿದರು. ದೊಡ್ಡ ಮೀನುಗಾರಿಕೆ ಹಡಗುಗಳಲ್ಲಿ ಮುಕ್ಕಾಲು ಪಾಲು, ಹಡಗು ಎಲ್ಲಿದೆ ಅಂತ ತೋರಿಸುವ ಸಾರ್ವಜನಿಕ ಲೆಕ್ಕಕ್ಕೇ ಸಿಗುವುದಿಲ್ಲ. ಯಾವ ದೇಶಕ್ಕೂ ಸೇರದ ಕಡಲಿಗೂ ಒಂದು ಒಪ್ಪಂದ ಆಗಿ 2026ರ ಜನವರಿ 17ರಿಂದ ಜಾರಿಗೆ ಬಂದಿದೆ. ಒಳ್ಳೆಯದೇ. ಅದಾದರೂ ಬೋರ್ಡ್‌ನಲ್ಲೇ ಉಳಿಯದಿದ್ದರೆ ಸಾಕು.

ಒಂದು ಸಂತೋಷದ ಸುದ್ದಿಯೂ ಇತ್ತು. ಹಸಿರು ಕಡಲಾಮೆಯನ್ನು 2025ರ ಅಕ್ಟೋಬರ್‌ನಲ್ಲಿ ಅಪಾಯದ ಪಟ್ಟಿಯಿಂದ ಕೆಳಗಿಳಿಸಿದ್ದಾರೆ. ಮೊಟ್ಟೆಯಿಡುವ ದಡ ಕಾದು, ಬಲೆಗಳಿಗೆ ಆಮೆ ಹೊರಹೋಗುವ ಕಿಂಡಿ ಇಟ್ಟು, ಜನ ದಶಕಗಟ್ಟಲೆ ದುಡಿದದ್ದಕ್ಕೆ ಬಂದ ಫಲ. ಅದರ ಪಕ್ಕ ನೀವು ಹಾಕಿರುವ ಚಿತ್ರ ಹುಲ್ಲು ಮೇಯುತ್ತಿರುವ ನೆಲದ ಆಮೆಯದು. ಕಾಲು ನೋಡಿದರೆ ಗೊತ್ತಾಗಲ್ವಾ? ಕಡಲಾಮೆಗೆ ದೋಣಿಯ ಹುಟ್ಟಿನಂಥ ರೆಕ್ಕೆ ಇರುತ್ತದೆ.

ನನ್ನ ಕೋರಿಕೆ ದೊಡ್ಡದೇನಲ್ಲ. ಸಂಬಂಧಪಟ್ಟವರು ಲಿಫ್ಟಿನ ಬೀಗ ತೆಗೆಯಲಿ, ಇಲ್ಲವಾದರೆ ಕಾರ್ಯಕ್ರಮವನ್ನು ನೆಲಮಹಡಿಯಲ್ಲೇ ಮಾಡಲಿ, ಅಥವಾ 'ಸರ್ವರಿಗೂ' ಅಂತ ಅಚ್ಚು ಹಾಕಿಸುವುದನ್ನಾದರೂ ನಿಲ್ಲಿಸಲಿ. ಇಳಿಜಾರನ್ನೂ ಸರಿ ಮಾಡಲಿ. ಸಂಬಂಧಪಟ್ಟವರು ಯಾರು ಅಂತ ಮೊದಲು ಅವರವರೇ ಕೂತು ತೀರ್ಮಾನಿಸಲಿ. ನೀವು ತಿದ್ದುಪಡಿ ಹಾಕಿ, ಘಾತವನ್ನು ಮೇಲೆ ಹಾಕಿ, ಆಮೆಯನ್ನು ನೀರಿಗೆ ಬಿಡಿ. ಸಂಘಟಕರಿಗೆ ನೇರವಾಗಿ ಬರೆಯೋಣ ಅಂತ ಅವರ ಅಭಿಪ್ರಾಯ ನಮೂನೆಯನ್ನು ಫೋನಿನಲ್ಲಿ ತೆರೆದೆ. 'ತುಂಬಾ ಚೆನ್ನಾಗಿತ್ತು', 'ಚೆನ್ನಾಗಿತ್ತು', 'ಪರವಾಗಿಲ್ಲ' ಅಂತ ಮೂರೇ ಆಯ್ಕೆ ಇದ್ದವು. ಬೈಯಲು ಜಾಗವೇ ಇಟ್ಟಿರಲಿಲ್ಲ, ಅದಕ್ಕೇ ನಿಮಗೆ ಬರೆದೆ. ಈ ಸಲ ಅರ್ಧ ಕತ್ತರಿಸುವುದಾದರೆ ದಯವಿಟ್ಟು ಹೊಗಳಿದ ಅರ್ಧವನ್ನು ಕತ್ತರಿಸಿ.

ಇತಿ,
ನಿಮ್ಮ ಹಳೆಯ ಓದುಗಾರ್ತಿ