ಹಡಗು ಕೀ ತಿರುವಿದರೆ ಹೊರಡುವುದಿಲ್ಲ

ಮಾನ್ಯ ಸಂಪಾದಕರೇ,

ಹಡಗು ನಡೆಸುವ ಸಿಮ್ಯುಲೇಷನ್ ಆಟಗಳ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಬರಹ ಓದಿದೆವು. ಅಲೆಗಳ ಚಿತ್ರಣ, ಬಂದರಿನ ದೀಪ, ಮಳೆಯ ಸದ್ದು ಇವುಗಳ ಬಗ್ಗೆ ಬರೆದದ್ದಕ್ಕೆ ನಮ್ಮ ತಕರಾರಿಲ್ಲ. ತಕರಾರು ಒಂದೇ ಸಾಲಿಗೆ: ‘ಎಂಜಿನ್ ಚಾಲೂ ಮಾಡಿ ಹೊರಟರಾಯಿತು’. ಎಂಜಿನ್ ರೂಮನ್ನು ಇಡಿಯಾಗಿ ಕೈಗೆ ಕೊಡುವ ಆಟಗಳಲ್ಲಿ ಹೊಸಬರು ಮುಗ್ಗರಿಸುವುದೇ ಇಲ್ಲಿ. ಬ್ರಿಜ್ (ಹಡಗು ನಡೆಸುವ ಮೇಲಿನ ಕೋಣೆ) ಮೇಲೆ ನಿಂತು ಲಿವರ್ ಮುಂದಕ್ಕೆ ದೂಡುತ್ತಾರೆ, ಹಡಗು ಮಿಸುಕುವುದಿಲ್ಲ. ಮಿಸುಕಿದರೂ ಐದು ನಿಮಿಷದಲ್ಲಿ ಎಲ್ಲ ದೀಪ ಆರಿ, ಹಡಗು ಗಾಳಿ ದೂಡಿದತ್ತ ತೇಲುತ್ತದೆ. ಆಟದಲ್ಲಿ ಬಗ್ ಇದೆ ಎಂದು ಬೈದು ಎದ್ದುಬಿಡುತ್ತಾರೆ. ಹೆಚ್ಚಿನ ಸಲ ಅದು ಬಗ್ ಅಲ್ಲ, ಸರದಿ ತಪ್ಪಿರುತ್ತದೆ.

ಪೂರ್ತಿ ಆರಿದ ಹಡಗಿನಲ್ಲಿ ಜೀವ ಇರುವುದು ಬ್ಯಾಟರಿಗೆ ಮಾತ್ರ. ಅದರಿಂದ ಎಮರ್ಜೆನ್ಸಿ ಜನರೇಟರ್ ಏಳುತ್ತದೆ. ಇದಕ್ಕೆ ಬೇರೆಯದೇ ಡೀಸೆಲ್ ಟ್ಯಾಂಕ್, ಬೇರೆಯದೇ ಕೋಣೆ, ಎಂಜಿನ್ ರೂಮಿನ ಹಂಗಿಲ್ಲ. ಕರೆಂಟ್ ಹೋದ 45 ಸೆಕೆಂಡಿನೊಳಗೆ ತಾನಾಗಿ ಎದ್ದು ಲೋಡ್ ಹಿಡಿಯಬೇಕು ಎಂಬುದು ಅಂತರರಾಷ್ಟ್ರೀಯ ನಿಯಮ, ಒಳ್ಳೆಯ ಆಟಗಳೂ ಅದನ್ನೇ ಪಾಲಿಸುತ್ತವೆ. ಅದರ ಕರೆಂಟಿನಿಂದ ಸಣ್ಣ ಕಂಪ್ರೆಸರ್ ಓಡಿಸಿ ಗಾಳಿ ಬಾಟಲಿ ತುಂಬಿಸಬೇಕು. ಆ ಗಾಳಿಯಿಂದ ಒಂದು ಮುಖ್ಯ ಜನರೇಟರನ್ನು ಎಬ್ಬಿಸಿ, ವೋಲ್ಟೇಜ್ 440, ಫ್ರೀಕ್ವೆನ್ಸಿ 60 ನಿಂತಮೇಲೆ ಅದನ್ನು ಮುಖ್ಯ ಬೋರ್ಡಿಗೆ ಜೋಡಿಸುವ ಬ್ರೇಕರ್ ಹಾಕಬೇಕು. ನಮ್ಮ ಮನೆ, ಹೊಲಗಳಿಗೆ ಬರುವುದು 50 ಹರ್ಟ್ಸ್, ಹಡಗುಗಳಲ್ಲಿ ಸಾಮಾನ್ಯವಾಗಿ 60. ಮೀಟರ್ ನೋಡಿ ಗಾಬರಿಯಾಗುವುದು ಬೇಡ.

ಮುಖ್ಯ ಬೋರ್ಡಿಗೆ ಕರೆಂಟ್ ಬಂದಮೇಲೆ ಎಮರ್ಜೆನ್ಸಿ ಜನರೇಟರನ್ನು ನಿಲ್ಲಿಸಿ, ಅದರ ಸ್ವಿಚ್ಚನ್ನು ಮತ್ತೆ ‘ಆಟೋ’ಗೆ ಇಡಬೇಕು. ಹತ್ತರಲ್ಲಿ ಎಂಟು ಮಂದಿ ‘ಮ್ಯಾನುಯಲ್’ನಲ್ಲೇ ಬಿಟ್ಟಿರುತ್ತಾರೆ. ಎರಡು ತಾಸಿನ ನಂತರ ನಡುಸಮುದ್ರದಲ್ಲಿ ಕರೆಂಟ್ ಹೋದಾಗ ಅದು ಏಳುವುದೇ ಇಲ್ಲ.

ಮುಂದಿನದು ತಂಪು ನೀರು, ಅಂದರೆ ಎಂಜಿನ್ ಬಿಸಿಯಾಗದಂತೆ ಸುತ್ತಿಸುವ ನೀರು. ಕೃಷ್ಣೆಯ ದಂಡೆಯಲ್ಲಿ ಮೋಟರ್ ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಕ್ಷನ್ ವಾಲ್ವ್ ತೆರೆಯದೆ ಪಂಪ್ ಹಾಕಿದರೆ ಅದು ಗಾಳಿ ಹಿಡಿದು ಬಿಸಿಯಾಗುತ್ತದೆ, ನೀರು ಎತ್ತುವುದಿಲ್ಲ. ಸಕ್ಷನ್ ಪೂರ್ತಿ ತೆರೆಯಿರಿ, ಡೆಲಿವರಿ ತುಸುವೇ ತೆರೆಯಿರಿ, ಮೋಟರ್ ಚಾಲೂ ಆಗಿ ಆಂಪ್ಸ್ ಇಳಿದಮೇಲೆ ಡೆಲಿವರಿಯನ್ನು ನಿಧಾನ ಬಿಚ್ಚಿರಿ. ಸಮುದ್ರದ ನೀರು ಒಳಗೆ ಬರಲು ಹಡಗಿನ ತಳದಲ್ಲೊಂದು, ಪಕ್ಕದಲ್ಲಿ ಮೇಲಕ್ಕೊಂದು ಬಾಯಿ ಇರುತ್ತವೆ. ಬಂದರಿನಲ್ಲಿ ಆಳ ಕಡಿಮೆ, ತಳದ ಬಾಯಿ ರಾಡಿ ಎಳೆದು ಕಸ ತಡೆಯುವ ಸ್ಟ್ರೇನರ್ ಕಟ್ಟುತ್ತದೆ, ಹಾಗಾಗಿ ಅಲ್ಲಿ ಮೇಲಿನದು. ತೆರೆದ ಸಮುದ್ರದಲ್ಲಿ ಹಡಗು ಹೊರಳಾಡಿದಾಗ ಮೇಲಿನದು ಗಾಳಿ ಎಳೆಯುತ್ತದೆ, ಹಾಗಾಗಿ ಅಲ್ಲಿ ತಳದ್ದು. ಬಂದರು ದಾಟಿದಮೇಲೆ ಇದನ್ನು ಬದಲಿಸಲು ಮರೆತವರಿಗೇ ಎಂಜಿನ್ ಬಿಸಿಯಾದ ಅಲಾರಂ ಬಡಿಯುವುದು.

ಕರೆಂಟಿನ ವಿಷಯಕ್ಕೆ ಮತ್ತೆ ಬರುತ್ತೇವೆ, ಏಕೆಂದರೆ ಹಡಗು ಕತ್ತಲಾಗುವುದು ಹೆಚ್ಚಾಗಿ ಇಲ್ಲಿ. ದಂಡೆ ಬಿಡುವಾಗ ಹಡಗನ್ನು ಪಕ್ಕಕ್ಕೆ ದೂಡುವ, ಮೂತಿಯ ಬಳಿಯ ಬೋ ಥ್ರಸ್ಟರ್ ಬೇಕು. ಲೆಕ್ಕ ನೋಡಿ. ಒಂದೊಂದು ಜನರೇಟರ್ 800 ಕಿಲೋವ್ಯಾಟ್, ಹಡಗಿನ ಉಳಿದೆಲ್ಲ ಲೋಡ್ 350, ಥ್ರಸ್ಟರ್ 1000 ಎಂದಿಟ್ಟುಕೊಳ್ಳೋಣ. ಒಂದೇ ಜನರೇಟರ್ ಇದ್ದಾಗ ಥ್ರಸ್ಟರ್ ಹಿಡಿಕೆ ತಿರುವಿದರೆ ಕ್ಷಣದಲ್ಲಿ ಕತ್ತಲು. ಎರಡಿದ್ದರೆ 1600ಕ್ಕೆ 1350, ನಡೆಯುತ್ತದೆ. ಆದರೆ ಎರಡರಲ್ಲಿ ಒಂದು ಕೈಕೊಟ್ಟರೆ ಉಳಿದ 800ರ ತಲೆಮೇಲೆ 1350 ಬೀಳುತ್ತದೆ, ಅದೂ ಹೋಗುತ್ತದೆ. ಮೂರಿದ್ದರೆ ಒಂದು ಹೋದರೂ 1600 ಉಳಿಯುತ್ತದೆ, ಹಡಗು ನಡೆದೇ ಇರುತ್ತದೆ. ಡೀಸೆಲ್ ಉಳಿಸಲು ಎರಡೇ ಸಾಕು ಎನ್ನುವವರಿದ್ದಾರೆ. ಬಂದರಿನೊಳಗೆ ಆ ಉಳಿತಾಯ ಮಾಡಬಾರದು ಎಂಬುದು ನಮ್ಮ ಅಭಿಪ್ರಾಯ.

ಎರಡನೆಯ ಜನರೇಟರನ್ನು ಜೋಡಿಸುವುದು ಸಿಂಕ್ರೊನೈಸಿಂಗ್. ಮುಧೋಳ, ಜಮಖಂಡಿ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ಟರ್ಬೈನ್ ಪಾಳಿ ಮಾಡುವವರಿಗೆ ಇದು ದಿನನಿತ್ಯದ ಮಾತು, ಆಟ ಆಡುವ ಹುಡುಗರಿಗೆ ಮಾತ್ರ ಹೊಸತು. ಮೊದಲು ವೋಲ್ಟೇಜ್ ಸಮ ಮಾಡಿ. ಬರುವ ಜನರೇಟರಿನ ವೇಗವನ್ನು ಓಡುತ್ತಿರುವುದಕ್ಕಿಂತ ಕೂದಲೆಳೆಯಷ್ಟು ಹೆಚ್ಚಿಡಿ. ಎರಡರ ತಾಳ ಕೂಡಿದೆಯೇ ಎಂದು ತೋರಿಸುವ ಸಿಂಕ್ರೊಸ್ಕೋಪ್ ಮೀಟರಿನ ಮುಳ್ಳು ಗಡಿಯಾರದಂತೆ ಬಲಕ್ಕೆ, ನಿಧಾನವಾಗಿ ತಿರುಗಬೇಕು. 12ಕ್ಕೆ ಐದು ನಿಮಿಷ ಇರುವ ಜಾಗಕ್ಕೆ ಮುಳ್ಳು ಬಂದಾಗ ಬ್ರೇಕರ್ ಹಾಕಿ, ಅದು ಮುಚ್ಚಿಕೊಳ್ಳುವಷ್ಟರಲ್ಲಿ ಮುಳ್ಳು 12ಕ್ಕೆ ಬಂದಿರುತ್ತದೆ. ಮುಳ್ಳು ಎಡಕ್ಕೆ ತಿರುಗುತ್ತಿದ್ದಾಗ ಹಾಕಿದಿರೋ, ಹೊಸ ಜನರೇಟರ್ ಕರೆಂಟ್ ಕೊಡುವ ಬದಲು ತಾನೇ ಕರೆಂಟ್ ತಿಂದು ಮೋಟರಿನಂತೆ ಓಡಲು ನೋಡುತ್ತದೆ, ರಿವರ್ಸ್ ಪವರ್ ರಿಲೇ ಅದನ್ನು ಹೊರಗೆ ಹಾಕುತ್ತದೆ. ಮುಳ್ಳು 6ರ ಮೇಲಿದ್ದಾಗ ಹಾಕಿದರೆ ಎರಡೂ ಟ್ರಿಪ್. ನಿಜವಾದ ಹಡಗಿನಲ್ಲಾದರೆ ಕಪ್ಲಿಂಗ್ ಮುರಿಯುವ ಕೆಲಸ ಅದು. ಬ್ರೇಕರ್ ಬಿದ್ದಕೂಡಲೇ ಕೆಲಸ ಮುಗಿಯಲಿಲ್ಲ. ಹೊಸದರ ಗವರ್ನರ್ (ವೇಗ ಹಿಡಿಯುವ ಸಾಧನ) ಏರಿಸುತ್ತ, ಹಳೆಯದರದು ಇಳಿಸುತ್ತ ಲೋಡ್ ಹಂಚಬೇಕು. ಒಂದನ್ನಷ್ಟೇ ಏರಿಸಿದರೆ ಫ್ರೀಕ್ವೆನ್ಸಿ 61ಕ್ಕೆ ಹತ್ತಿ ಕೂರುತ್ತದೆ.

ಕತ್ತಲಾದಮೇಲೆ ಮತ್ತೆ ಎಬ್ಬಿಸುವಾಗಿನ ತಪ್ಪು ನಮ್ಮ ಹೊಲಗಳಲ್ಲಿ ನೋಡಿದ್ದೇ. ತ್ರೀ ಫೇಸ್ ಬಂದ ಗಳಿಗೆಗೆ ಆಟೋ ಸ್ಟಾರ್ಟರ್ ಇರುವ ಮೋಟರುಗಳೆಲ್ಲ ಒಟ್ಟಿಗೆ ಎದ್ದರೆ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಏನಾಗುತ್ತದೆ ಎಂಬುದು ಗೊತ್ತಿರುವ ಸಂಗತಿ. ಹಡಗಿನಲ್ಲಿ ಅದಕ್ಕೆಂದೇ ಪಂಪುಗಳನ್ನು ಕೆಲವು ಸೆಕೆಂಡುಗಳ ಅಂತರದಲ್ಲಿ ಒಂದೊಂದಾಗಿ ಎಬ್ಬಿಸುವ ಏರ್ಪಾಡು ಇರುತ್ತದೆ: ಮೊದಲು ಲೂಬ್ ಆಯಿಲ್, ಸ್ಟಿಯರಿಂಗ್, ತಂಪು ನೀರು; ಏಸಿ, ಅಡುಗೆಮನೆ ಕೊನೆಗೆ. ಆಟಗಾರ ಗಡಿಬಿಡಿಯಲ್ಲಿ ಎಲ್ಲ ಸ್ವಿಚ್ ಒಮ್ಮೆಗೇ ಒತ್ತಿದರೆ ಎರಡನೆಯ ಕತ್ತಲು ಬರುತ್ತದೆ, ಅದು ಮೊದಲನೆಯದಕ್ಕಿಂತ ಕೆಟ್ಟದ್ದು. ಕಾರಣ ಬೇರೆಯಿದ್ದರೂ, 2024ರ ಮಾರ್ಚ್ 26ರ ನಸುಕಿನಲ್ಲಿ ಅಮೆರಿಕದ ಬಾಲ್ಟಿಮೋರ್ ಬಂದರಿನಿಂದ ಹೊರಟ ಡಾಲಿ ಎಂಬ ಕಂಟೇನರ್ ಹಡಗು ಕೆಲವೇ ನಿಮಿಷದಲ್ಲಿ ಎರಡು ಸಲ ಕರೆಂಟ್ ಕಳೆದುಕೊಂಡು ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆಯ ಕಂಬಕ್ಕೆ ಬಡಿಯಿತು. ಸೇತುವೆಯ ಮೇಲೆ ರಸ್ತೆ ಕೆಲಸ ಮಾಡುತ್ತಿದ್ದ 6 ಮಂದಿ ಸತ್ತರು. ಹಡಗಿನ ಸಿಬ್ಬಂದಿಯಲ್ಲಿ ಹೆಚ್ಚಿನವರು ಭಾರತೀಯರು. ಕರೆಂಟ್ ಹೋದರೆ ಪಂಪುಗಳು ನಿಲ್ಲುತ್ತವೆ, ಪಂಪು ನಿಂತರೆ ಮುಖ್ಯ ಎಂಜಿನ್ ನಿಲ್ಲುತ್ತದೆ, ಪ್ರೊಪೆಲರ್ ನೀರು ದೂಡದಿದ್ದರೆ ಚುಕ್ಕಾಣಿ ತಿರುಗಿದರೂ ಅದರ ಬಲ ಅಷ್ಟಕ್ಕಷ್ಟೇ.

ಇನ್ನು ಮುಖ್ಯ ಎಂಜಿನ್. ದೊಡ್ಡ ಟೂ ಸ್ಟ್ರೋಕ್ ಎಂಜಿನ್ನಿಗೆ ಸ್ಟಾರ್ಟರ್ ಮೋಟರ್ ಇಲ್ಲ. 25ರಿಂದ 30 ಬಾರ್ ಒತ್ತಡದ ಗಾಳಿಯನ್ನು ನೇರ ಸಿಲಿಂಡರಿಗೆ ಬಿಟ್ಟು ತಿರುಗಿಸುತ್ತಾರೆ. ಲಾರಿ ಟೈರಿನ ಗಾಳಿ 8 ಬಾರ್ ಆಸುಪಾಸು ಎಂದರೆ ಇದರ ಜೋರು ತಿಳಿಯುತ್ತದೆ. ಅದಕ್ಕೂ ಮುಂಚೆ ಆಗಬೇಕಾದ್ದಿಷ್ಟು. ಸಿಲಿಂಡರುಗಳ ಸುತ್ತ ಹರಿಯುವ ಜಾಕೆಟ್ ನೀರನ್ನು ಕನಿಷ್ಠ 50 ಡಿಗ್ರಿಗೆ ಬಿಸಿ ಮಾಡಬೇಕು, ತಣ್ಣನೆಯ ಲೋಹಕ್ಕೆ ಒಮ್ಮೆಗೇ ಬೆಂಕಿ ತಗುಲಿದರೆ ಸಿಲಿಂಡರಿನ ಒಳಗೋಡೆ (ಲೈನರ್) ಬಿರಿಯುತ್ತದೆ. ನಿಜದಲ್ಲಿ ತಾಸುಗಟ್ಟಲೆ ಹಿಡಿಯುವ ಈ ಕೆಲಸವನ್ನು ಆಟಗಳು ನಿಮಿಷಗಳಲ್ಲಿ ಮುಗಿಸುತ್ತವೆ, ಅಷ್ಟಕ್ಕೂ ಕಾಯದವರಿದ್ದಾರೆ. ಲೂಬ್ ಆಯಿಲ್ ಪಂಪ್ ಹಾಕಿ, ಸಿಲಿಂಡರುಗಳ ಮೇಲಿನ ಸಣ್ಣ ನಲ್ಲಿಗಳಾದ ಇಂಡಿಕೇಟರ್ ಕಾಕುಗಳನ್ನು ತೆರೆದಿಟ್ಟು, ನಿಧಾನ ತಿರುಗಿಸುವ ಮೋಟರಾದ ಟರ್ನಿಂಗ್ ಗೇರಿನಿಂದ ಎಂಜಿನನ್ನು ಒಂದೆರಡು ಸುತ್ತು ತಿರುಗಿಸಬೇಕು. ಯಾವುದಾದರೂ ಕಾಕಿನಿಂದ ನೀರು ಚಿಮ್ಮಿದರೆ ಅಲ್ಲಿಗೆ ನಿಲ್ಲಿಸಿ, ಸಿಲಿಂಡರಿನೊಳಗೆ ನೀರು ಸೋರಿದೆ. ನೀರನ್ನು ಅದುಮಲಾಗದು, ಹಾಗೇ ಚಾಲೂ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಟರ್ನಿಂಗ್ ಗೇರ್ ಬಿಡಿಸಿ, ಗಾಳಿಯಿಂದ ಒಂದು ಸಲ ಊದಿ, ಕಾಕುಗಳನ್ನು ಮುಚ್ಚಿ, ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಪರೀಕ್ಷಿಸಿ, ಆಮೇಲೆ ಬ್ರಿಜ್‌ಗೆ ಕಂಟ್ರೋಲ್ ಕೊಡಿ.

ಲಿವರ್ ದೂಡಿದರೂ ಎಂಜಿನ್ ಏಳದಿದ್ದರೆ ಈ ಮೂರನ್ನು ನೋಡಿ. ಟರ್ನಿಂಗ್ ಗೇರ್ ಇನ್ನೂ ಸಿಕ್ಕಿಸಿಯೇ ಇದೆಯೇ? ಅದಿದ್ದರೆ ಇಂಟರ್‌ಲಾಕ್ (ಅಪಾಯ ತಡೆಯುವ ಬೀಗ) ಗಾಳಿ ಬಿಡುವುದಿಲ್ಲ. ಆಕ್ಸಿಲರಿ ಬ್ಲೋವರ್ ‘ಆಟೋ’ದಲ್ಲಿದೆಯೇ? ಕಡಿಮೆ ವೇಗದಲ್ಲಿ ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊಚಾರ್ಜರಿಗೆ ಉಸಿರು ಸಾಲದು, ಬ್ಲೋವರೇ ಗಾಳಿ ಕೊಡಬೇಕು. ಹಿಂದೆ ಎಂಜಿನ್ ಟ್ರಿಪ್ ಆಗಿ ನಿಂತಿದ್ದರೆ ಅದು ರೀಸೆಟ್ ಆಗಿದೆಯೇ? ಲಿವರ್ ಅನ್ನು ‘ಸ್ಟಾಪ್’ಗೆ ತಂದರೆ ಮಾತ್ರ ರೀಸೆಟ್ ಆಗುತ್ತದೆ, ಮುಂದಿಟ್ಟುಕೊಂಡೇ ನೂರು ಸಲ ಗುಂಡಿ ಒತ್ತಿದರೂ ಇಲ್ಲ. ಕಂಪ್ರೆಸರ್ ನಿಂತಿದ್ದರೂ ಸತತ 12 ಸಲ ಚಾಲೂ ಮಾಡುವಷ್ಟು ಗಾಳಿ ಬಾಟಲಿಗಳಲ್ಲಿರಬೇಕೆಂಬುದು ಹಿಂದು-ಮುಂದು ಎರಡೂ ಓಡುವ ಎಂಜಿನ್‌ಗಳಿಗಿರುವ ನಿಯಮ. ದಂಡೆಗೆ ಹಚ್ಚುವಾಗ ಮುಂದೆ, ಹಿಂದೆ, ಮುಂದೆ ಎಂದು ಆಟವಾಡಿಸಿ ಆ ಗಾಳಿಯನ್ನೆಲ್ಲ ಕಳೆದು, ಕೊನೆಯ ‘ಹಿಂದಕ್ಕೆ’ ಬೇಕಾದಾಗ ಬಾಟಲಿ ಖಾಲಿ ಇರುವ ದೃಶ್ಯ ಬಹಳ ಸಾಮಾನ್ಯ.

ಇಂಧನದ ಪಾಠವೂ ದೊಡ್ಡದಿದೆ. ದೊಡ್ಡ ಹಡಗುಗಳು ಉರಿಸುವ ಗಟ್ಟಿ ಎಣ್ಣೆಯಾದ ಹೆವಿ ಆಯಿಲ್ ತಣ್ಣಗಿದ್ದಾಗ ಹೆಚ್ಚುಕಡಿಮೆ ಕಾಕಂಬಿ. 50 ಡಿಗ್ರಿಯಲ್ಲಿ 380 ಸೆಂಟಿಸ್ಟೋಕ್ (ಮಂದತನ, ಅಂದರೆ ವಿಸ್ಕಾಸಿಟಿಯ ಅಳತೆ) ಇರುವ ಎಣ್ಣೆಯನ್ನು ಇಂಜೆಕ್ಟರಿಗೆ ಹೋಗುವ ಹೊತ್ತಿಗೆ 10-15ಕ್ಕೆ ತೆಳುವಾಗಿಸಲು 130 ಡಿಗ್ರಿಯ ಹತ್ತಿರ ಕಾಯಿಸಬೇಕು. ಕಾಯಿಸಲು ಹಬೆ ಬೇಕು, ಹಬೆಗೆ ಬಾಯ್ಲರ್ ಬೇಕು, ಬಾಯ್ಲರನ್ನು ಮೊದಲು ಡೀಸೆಲ್ಲಿನಿಂದ ಹೊತ್ತಿಸಬೇಕು. ಹೊಗೆಗೊಳವೆಯಲ್ಲಿ ಕಪ್ಪು ಹೊಗೆ ಕಂಡಾಗ ವಿಸ್ಕಾಸಿಟಿ ಮೀಟರನ್ನೂ ಒಮ್ಮೆ ನೋಡಿ. ಇಂಧನದಲ್ಲಿನ ಗಂಧಕದ ಮಿತಿ 2020ರಿಂದ ಜಗತ್ತಿನಾದ್ಯಂತ 0.50%, ಕೆಲವು ನಿರ್ಬಂಧಿತ ಕಡಲುಗಳಲ್ಲಿ 2015ರಿಂದಲೇ 0.10%. ಅಲ್ಲಿಗೆ ಹೋಗುವ ಮುನ್ನ ಡೀಸೆಲ್ಲಿನಂಥ ತೆಳು ಎಣ್ಣೆಯಾದ ಗ್ಯಾಸ್ ಆಯಿಲಿಗೆ ಬದಲಾಗಬೇಕು. ಬದಲಾಯಿಸುವಾಗ ಉಷ್ಣತೆ ನಿಮಿಷಕ್ಕೆ 2 ಡಿಗ್ರಿಗಿಂತ ಬೇಗ ಇಳಿಯಕೂಡದು. 130ರಿಂದ 40ಕ್ಕೆ ಬರಲು ಕಡಿಮೆಯೆಂದರೂ 45 ನಿಮಿಷ. ಅವಸರ ಮಾಡಿದರೆ ಫ್ಯೂಯಲ್ ಪಂಪಿನೊಳಗೆ ಓಡಾಡುವ ಪ್ಲಂಜರ್ ಹಿಡಿದುಕೊಳ್ಳುತ್ತದೆ. ಗಡಿರೇಖೆ ಮುಟ್ಟಿದಮೇಲೆ ವಾಲ್ವ್ ತಿರುವಿದರೆ ತಡವಾಯಿತು ಎಂದೇ ಲೆಕ್ಕ.

ಚುಕ್ಕಾಣಿಗೆ ಬಂದರಿನಲ್ಲಿ ಎರಡೂ ಪಂಪ್ ಓಡಿಸಿ, ಹೊರಡುವ ಮುನ್ನ ಆ ತುದಿಯಿಂದ ಈ ತುದಿಗೆ ತಿರುವಿ ನೋಡಿ. ಹಡಗಿನ ಸಮತೋಲಕ್ಕೆ ನೀರು ತುಂಬುವ ಬ್ಯಾಲಸ್ಟ್ ಟ್ಯಾಂಕುಗಳನ್ನು ಪೂರ್ತಿ ತುಂಬಿಸಿ ಇಲ್ಲವೇ ಪೂರ್ತಿ ಬರಿದು ಮಾಡಿ. ಅರ್ಧ ತುಂಬಿದ ಟ್ಯಾಂಕಿನ ನೀರು ಹಡಗು ವಾಲಿದ ಕಡೆಗೇ ಓಡುತ್ತದೆ.

ಎಲ್ಲ ಆಟವೂ ಇಷ್ಟು ಆಳಕ್ಕೆ ಹೋಗುವುದಿಲ್ಲ, ಕೆಲವಕ್ಕೆ ಎಂಜಿನ್ ಎಂದರೆ ಬರೀ ಒಂದು ಲಿವರ್. ಸ್ಟಾರ್ಮ್‌ವರ್ಕ್ಸ್‌ನಂಥವುಗಳಲ್ಲಿ ಹಡಗನ್ನೇ ಆಟಗಾರ ಕಟ್ಟಬೇಕು. ಗಾಳಿ, ಇಂಧನ, ತಂಪು ನೀರು, ಹೊಗೆಯ ದಾರಿ ಎಲ್ಲಕ್ಕೂ ತಾನೇ ಪೈಪು ಜೋಡಿಸಬೇಕು. ಯಾವ ಆಟದಲ್ಲಿ ಯಾವ ವ್ಯವಸ್ಥೆ ಇದೆ ಎಂಬುದನ್ನು ಬರಹದಲ್ಲಿ ಹೇಳಿದ್ದರೆ ಡಿಪ್ಲೊಮಾ, ಐಟಿಐ ಓದುವ ನಮ್ಮ ಕಡೆಯ ಹುಡುಗರು ಆರಿಸಿಕೊಳ್ಳುತ್ತಿದ್ದರು. ಹಾಗೆಯೇ ಎಣ್ಣೆ ಶುದ್ಧ ಮಾಡುವ ಪ್ಯೂರಿಫೈಯರಿಗೆ ‘ಪರಿಶುದ್ಧಿ ಯಂತ್ರ’ ಎಂದೆಲ್ಲ ಬರೆಯುವುದು ಬೇಡ. ಆಟದ ಪರದೆಯ ಮೇಲೆ ಇರುವ ಹೆಸರನ್ನೇ ಕನ್ನಡ ಅಕ್ಷರದಲ್ಲಿ ಕೊಟ್ಟರೆ ಹುಡುಕಲು ಸುಲಭ.

ಕೊನೆಯದಾಗಿ ಚಿತ್ರದ ಅಡಿಬರಹ. ‘ಹಡಗಿನ ಗೇರ್ ಲಿವರ್’ ಎಂದು ನೀವು ಹಾಕಿದ್ದು ಎಂಜಿನ್ ಟೆಲಿಗ್ರಾಫಿನ ಚಿತ್ರ, ಅಂದರೆ ಬ್ರಿಜ್‌ನಿಂದ ಎಂಜಿನ್ ರೂಮಿಗೆ ವೇಗದ ಆಜ್ಞೆ ಕಳಿಸುವ ಸಾಧನದ್ದು. ಈ ದೊಡ್ಡ ಎಂಜಿನ್ನಿಗೆ ಗೇರ್ ಬಾಕ್ಸೇ ಇಲ್ಲ, ಪ್ರೊಪೆಲರ್ ನೇರವಾಗಿ ಕ್ರ್ಯಾಂಕ್ ಶಾಫ್ಟಿಗೆ ಜೋಡಣೆಯಾಗಿರುತ್ತದೆ. ಹಿಂದಕ್ಕೆ ಹೋಗಬೇಕೆಂದರೆ ಎಂಜಿನ್ನೇ ನಿಂತು, ಉಲ್ಟಾ ದಿಕ್ಕಿಗೆ ಮತ್ತೆ ಚಾಲೂ ಆಗಬೇಕು. ಬಾಟಲಿಯ ಗಾಳಿ ಅಷ್ಟು ಬೇಗ ಮುಗಿಯುವುದು ಅದಕ್ಕೇ.

— ಹಡಗು ಸಿಮ್ಯುಲೇಷನ್ ಆಡುವ ಕೆಲವು ಓದುಗರು, ಬಾಗಲಕೋಟೆ