ಅಂಪೈರ್‌ಗೆ ಬಯ್ಯೋ ಮುಂಚೆ ರೂಲ್ ಓದಿ

ಮಾನ್ಯ ಸಂಪಾದಕರೇ,

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ 2026ರ ಸೀಸನ್‌ಗೆ ಬಾಲ್-ಸ್ಟ್ರೈಕ್ ತೀರ್ಪನ್ನ (ಎಸೆತ ಬ್ಯಾಟರ್ ಹೊಡೆಯೋ ಜಾಗದಲ್ಲಿ ಬಂತಾ ಇಲ್ವಾ ಅನ್ನೋದನ್ನ) ಕ್ಯಾಮೆರಾ ನೋಡಿ ಚಾಲೆಂಜ್ ಮಾಡೋ ಪದ್ಧತಿ ಬರುತ್ತೆ ಅಂದಾಗಿಂದ "ಇನ್ನು ಅಂಪೈರ್ ಯಾಕ್ರೀ ಬೇಕು" ಅನ್ನೋರು ಜಾಸ್ತಿ ಆಗಿದಾರೆ. ನಂಗೆ ಒಪ್ಪಿಗೆ ಇಲ್ಲ. ಬ್ಯಾಟರ್ ಪಕ್ಕ ನೆಲದಲ್ಲಿರೋ 17 ಇಂಚು ಅಗಲದ ಪ್ಲೇಟ್ ಮೇಲೆ ಬಾಲ್ ಹೋಯ್ತಾ ಇಲ್ವಾ ಅಂತ ಕ್ಯಾಮೆರಾ ಹೇಳುತ್ತೆ ಸರಿ, ಆದ್ರೆ ಕೆಲವು ತೀರ್ಪುಗಳನ್ನ ರೂಲ್ ಬುಕ್ಕೇ ಅಂಪೈರ್ ಅಂದಾಜಿಗೆ ಬಿಟ್ಟಿದೆ.

ಇನ್‌ಫೀಲ್ಡ್ ಫ್ಲೈ ತಗೊಳ್ಳಿ. ಇಬ್ಬರು ಔಟ್ ಆಗೋಕ್ಕಿಂತ ಮುಂಚೆ, ಫಸ್ಟ್ ಮತ್ತೆ ಸೆಕೆಂಡ್ ಬೇಸಲ್ಲಿ ರನ್ನರ್ (ಬ್ಯಾಟಿಂಗ್ ಟೀಮಿನ ಓಟಗಾರ) ಇದ್ದಾಗ, ಇನ್‌ಫೀಲ್ಡರ್ (ಬೇಸ್‌ಗಳ ಹತ್ತಿರ ನಿಲ್ಲೋ ಫೀಲ್ಡರ್) ಸಾಮಾನ್ಯ ಪ್ರಯತ್ನದಲ್ಲಿ ಹಿಡಿಯೋ ಹಾಗೆ ಬಾಲ್ ಮೇಲಕ್ಕೆ ಹೋದ್ರೆ ಅದು ಕೆಳಗೆ ಬಿದ್ರೂ ಬ್ಯಾಟರ್ ಔಟ್. ಇಲ್ದಿದ್ರೆ ಫೀಲ್ಡರ್ ಬೇಕಂತ್ಲೇ ಕ್ಯಾಚ್ ಬಿಟ್ಟು ಡಬಲ್ ಪ್ಲೇ, ಅಂದ್ರೆ ಒಂದೇ ಸಲಕ್ಕೆ ಇಬ್ಬರನ್ನ ಔಟ್, ಮಾಡಿಬಿಡ್ತಾನೆ, ಪಾಪ ರನ್ನರ್‌ಗಳು ಓಡೋ ಹಾಗೂ ಇಲ್ಲ ನಿಲ್ಲೋ ಹಾಗೂ ಇಲ್ಲ. ಒಳ್ಳೆ ರೂಲೇ, ಆದ್ರೆ ಸಾಮಾನ್ಯ ಪ್ರಯತ್ನ ಯಾವುದು ಅಂತ ಆ ಕ್ಷಣದಲ್ಲಿ ಹೇಳ್ಬೇಕಾದವರು ಅಂಪೈರ್.

2012ರ ಅಕ್ಟೋಬರ್ 5ಕ್ಕೆ ಅಟ್ಲಾಂಟಾದಲ್ಲಿ ಬ್ರೇವ್ಸ್-ಕಾರ್ಡಿನಲ್ಸ್ ವೈಲ್ಡ್ ಕಾರ್ಡ್ ಪಂದ್ಯ (ಸೋತವರು ಮನೆಗೆ ಹೋಗೋ ನಾಕೌಟ್), ಎಂಟನೇ ಇನ್ನಿಂಗ್ಸ್. ಬ್ರೇವ್ಸ್‌ನ ಸಿಮನ್ಸ್ ಹೊಡೆದ ಬಾಲ್ ಇನ್‌ಫೀಲ್ಡ್ ಆಚೆಗಿನ ಲೆಫ್ಟ್ ಫೀಲ್ಡ್ ಹುಲ್ಲಿನ ಮೇಲೆ ಹೋಯ್ತು, ಕಾರ್ಡಿನಲ್ಸ್‌ನ ಶಾರ್ಟ್‌ಸ್ಟಾಪ್ (ಸೆಕೆಂಡ್-ಥರ್ಡ್ ಬೇಸ್ ನಡುವಿನ ಇನ್‌ಫೀಲ್ಡರ್) ಕೋಜ್ಮಾ ಹಿಂದಕ್ಕೆ ಓಡಿ ಅದರ ಕೆಳಗೆ ಬಂದವನು ಕೊನೇ ಗಳಿಗೇಲಿ ಸರಿದ್ಬಿಟ್ಟ, ಬಾಲ್ ಬಿತ್ತು, ಅಂಪೈರ್ ಸ್ಯಾಮ್ ಹೋಲ್‌ಬ್ರೂಕ್ ಇನ್‌ಫೀಲ್ಡ್ ಫ್ಲೈ ಕೊಟ್ರು. ಜನ ಬಾಟ್ಲಿ, ಕಪ್ ಎಸೆದು ಆಟ ಸುಮಾರು 19 ನಿಮಿಷ ನಿಂತೋಯ್ತು. ಬ್ರೇವ್ಸ್ 6-3ರಿಂದ ಸೋತ್ರು, ಅವರ ಪ್ರೊಟೆಸ್ಟೂ (ಅಧಿಕೃತ ದೂರು) ಬಿದ್ದೋಯ್ತು, ಯಾಕಂದ್ರೆ ಆಗಿನ ರೂಲ್ ಪ್ರಕಾರ ಅಂದಾಜಿನ ತೀರ್ಪಿನ ಮೇಲೆ ಪ್ರೊಟೆಸ್ಟ್ ನಡೀತಿರ್ಲಿಲ್ಲ.

ನನ್ನ ಪ್ರಕಾರ ತೀರ್ಪು ತಪ್ಪಲ್ಲ. ಅಷ್ಟು ದೂರ ಹೋದ ಬಾಲ್ ಇನ್‌ಫೀಲ್ಡ್ ಫ್ಲೈ ಹೇಗಾಗುತ್ತೆ ಅಂತ ಎಲ್ಲರೂ ಕೂಗಿದ್ರು, ಆದ್ರೆ ರೂಲಲ್ಲಿ ದೂರದ ಮಾತೇ ಇಲ್ಲ. ತಪ್ಪಾಗಿದ್ದು ಟೈಮಿಂಗ್‌ನಲ್ಲಿ. ಬಾಲ್ ನೆಲಕ್ಕೆ ಬೀಳೋ ಹೊತ್ತಿಗೆ ಕೈ ಎತ್ತಿದ್ರೆ ರನ್ನರ್‌ಗೆ ಏನ್ ಉಪಯೋಗ? ತಕ್ಷಣ ಹೇಳ್ಬೇಕು ಅಂತ ರೂಲೇ ಹೇಳುತ್ತೆ.

ಬೇಸ್‌ಬಾಲ್ ತರದ್ದೇ ಆಟ ಆದ ಸಾಫ್ಟ್‌ಬಾಲಲ್ಲೂ ಇದೇ ಕಷ್ಟ. ಬಾಲ್ ಇಲ್ದೆ ಫೀಲ್ಡರ್ ದಾರಿ ಅಡ್ಡಗಟ್ಟಿದ್ರೆ, ಅಡ್ಡ ಬರದೇ ಇದ್ದಿದ್ರೆ ರನ್ನರ್ ಯಾವ ಬೇಸ್ ಮುಟ್ತಿದ್ಲು ಅಂತ ಅಂಪೈರ್ ಊಹಿಸ್ಬೇಕು, ಆಗದೇ ಇರೋದನ್ನ ಯಾವ ಕ್ಯಾಮೆರಾ ತೋರ್ಸುತ್ತೆ ಹೇಳಿ. ನಮ್ಮಲ್ಲೂ ಯೂನಿವರ್ಸಿಟಿ ಮಟ್ಟದಲ್ಲಿ ಹುಡ್ಗೀರು ಸಾಫ್ಟ್‌ಬಾಲ್ ಆಡ್ತಾರೆ. ಅಂಥ ಪಂದ್ಯಗಳ ವರದಿ ಹಾಕುವಾಗ ಪಕ್ಕದಲ್ಲೇ ಈ ರೂಲ್‌ಗಳನ್ನ ಚಿತ್ರ ಸಮೇತ ವಿವರಿಸಿ ಅಂತ ನಿಮ್ಮ ಕ್ರೀಡಾ ವಿಭಾಗದವರಲ್ಲಿ ಕೇಳ್ಕೋತೀನಿ.

– ಒಬ್ಬ ಓದುಗ, ಮೈಸೂರು