ಬುಧವಾರ ರಾತ್ರಿ ನನ್ನ ಅಡುಗೆಮನೆಯಲ್ಲಿ ಕೂತಿದ್ದವರಿಗೆ

ಅಮ್ಮ ಆಸ್ಪತ್ರೆಯಿಂದ ಮನೆಗೆ ಬಂದು ಇವತ್ತಿಗೆ ಒಂಬತ್ತು ದಿನ. ನಿನ್ನೆ ಯಾರ ಕೈಯನ್ನೂ ಹಿಡಿಯದೆ ಹಿತ್ತಲಿನ ತನಕ ನಡೆದಳು. ಏನಾಗಿತ್ತು ಅನ್ನುವುದು ನಿಮಗೆಲ್ಲ ಗೊತ್ತೇ ಇದೆ, ಅದನ್ನು ಮತ್ತೆ ಬರೆಯುವುದಿಲ್ಲ. ತಿಪಟೂರಿನ ಮನೆಯ ಜಗಲಿಯಲ್ಲಿ ಕೂತು ಧನ್ಯವಾದ ಹೇಳುವುದಷ್ಟೇ ಈಗ ನನ್ನ ಕೆಲಸ.

ಹಗಲೂ ರಾತ್ರಿ ಅಮ್ಮನ ಜೊತೆ ಇದ್ದ ಅಣ್ಣ ಅತ್ತಿಗೆಗೆ, ಒಂದು ಮಾತೂ ಕೇಳದೆ ರಜೆ ಕೊಟ್ಟ ಪ್ರಿನ್ಸಿಪಾಲರಿಗೆ, ಬುಟ್ಟಿಗಟ್ಟಲೆ ಸೇಬು ತಂದುಕೊಟ್ಟ ಮಕ್ಕಳ ಅಪ್ಪ ಅಮ್ಮಂದಿರಿಗೆ, ನಾಲ್ಕು ದಿನ ಸಾರು ಅನ್ನ ಕಳಿಸಿ ಆಮೇಲೆ ಡೆಟ್ರಾಯಿಟ್ ಏರ್‌ಪೋರ್ಟ್ ತನಕ ಬಿಟ್ಟು ಬಂದ ಕನ್ನಡದ ಗೆಳತಿಯರಿಗೆ, ನಿಮಗೆಲ್ಲ ನಾನು ಋಣಿ.

ಇನ್ನು ಒಬ್ಬರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು.

ಅಕ್ಟೋಬರಿನ ಆ ವಾರ ಅಮೆರಿಕದ ಮಿಷಿಗನ್‌ನ ನಮ್ಮ ಕಿಂಡರ್‌ಗಾರ್ಟನ್ ತರಗತಿಯಲ್ಲಿ ‘ಫಾಲ್’, ಅಂದರೆ ಎಲೆ ಉದುರುವ ಕಾಲದ ವಾರ. ಐದು ವರ್ಷದ ಇಪ್ಪತ್ತೊಂದು ಮಕ್ಕಳು. ಟೀಚರ್ ಆಗಿ ಇದು ನನ್ನ ಮೊದಲ ವರ್ಷ. ನನ್ನ ತರಗತಿಯ ಪ್ಯಾರಾಪ್ರೊ, ಅಂದರೆ ಇಡೀ ದಿನ ಟೀಚರ್ ಜೊತೆಗಿರುವ ಸಹಾಯಕರು, ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರು. ಎಷ್ಟೋ ಟೀಚರ್‌ಗಳು ಬಂದು ಹೋಗುವುದನ್ನು ನೋಡಿದವರು.

ಸೋಮವಾರ ಎಲೆ ಆರಿಸಲು ಹೋದೆವು. ಮೇಪಲ್ ಮರದ ಕೆಳಗೆ ಒಂದು ಹುಡುಗಿ ನಿಂತುಬಿಟ್ಟಳು. “ಬೀಳುವಾಗ ಎಲೆಗೆ ನೋವಾಗುತ್ತಾ?” ಅಂದಳು. ನನಗೆ ಗೊತ್ತಿದ್ದುದು ಪುಸ್ತಕದ ಉತ್ತರ. ಹಗಲು ಚಿಕ್ಕದಾದಂತೆ ಎಲೆಯ ಹಸಿರು ಒಡೆದು ಹೋಗುತ್ತದೆ, ಬೇಸಿಗೆಯಿಡೀ ಒಳಗೇ ಇದ್ದ ಹಳದಿ ಆಗ ಕಾಣುತ್ತದೆ, ಕೆಂಪು ಮಾತ್ರ ಆ ಕೆಲವು ವಾರಗಳಲ್ಲಿ ಹೊಸದಾಗಿ ಹುಟ್ಟುತ್ತದೆ. ಅವಳು ಕೇಳಿದ್ದು ಇದನ್ನಲ್ಲ. ಪ್ಯಾರಾಪ್ರೊ ಅವಳ ಹತ್ತಿರ ಮಂಡಿಯೂರಿ ಕೂತರು. ಒಂದು ಕೊಂಬೆ ಬಗ್ಗಿಸಿ, ಎಲೆ ಕಳಚಿದ ಜಾಗದ ಮೇಲೆ ಅವಳ ಹೆಬ್ಬೆರಳನ್ನು ಇಡಿಸಿದರು. “ಒದ್ದೆ ಇದೆಯಾ?” ಇಲ್ಲ, ಒಣಗಿತ್ತು. ಎಲೆ ಬೀಳುವ ಮೊದಲೇ ಮರ ಆ ಜಾಗವನ್ನು ಮುಚ್ಚಿಕೊಂಡಿರುತ್ತದೆ. ಅದರ ಮಗ್ಗುಲಲ್ಲೇ ಮುಂದಿನ ವರ್ಷದ ಮೊಗ್ಗು, ಅಕ್ಕಿಕಾಳಿನಷ್ಟು. ಆ ಮಗು ಆಮೇಲೆ ಪ್ರತಿ ಕೊಂಬೆಯಲ್ಲೂ ಮೊಗ್ಗು ಹುಡುಕುತ್ತಾ ಹೋಯಿತು.

ಮಂಗಳವಾರ ಸೇಬನ್ನು ಅಡ್ಡ ಕತ್ತರಿಸಿ ಒಳಗಿನ ನಕ್ಷತ್ರ ನೋಡಿದ್ದಾಯಿತು. ಅವತ್ತೇ ಸಂಜೆ ಅಣ್ಣನ ಮೊದಲ ಫೋನ್ ಬಂತು. ಶುಕ್ರವಾರ ರಾತ್ರಿಗೆ ಟಿಕೆಟ್ ಸಿಕ್ಕಿತು. ಅದಕ್ಕೂ ಮುಂಚೆ ಸಿಗಲಿಲ್ಲ.

ಬುಧವಾರ ಮಕ್ಕಳು ಸಿಹಿಗುಂಬಳಕಾಯಿಗಳನ್ನು ನೀರಿನ ಟಬ್ಬಿಗೆ ಬಿಟ್ಟರು. ಅಷ್ಟು ಭಾರದ ಕಾಯಿ ತೇಲಿತು! ಒಳಗೆ ಟೊಳ್ಳು, ಅಲ್ವಾ. ಆಮೇಲೆ ಕೈ ಹಾಕಿ ಬೀಜ ತೆಗೆದರು. ಮರುದಿನ ಅವನ್ನು ಹತ್ತು ಹತ್ತರ ಗುಂಪು ಮಾಡಿ ಎಣಿಸುವ ಪಾಠ. ಅದಕ್ಕೆ ರಾತ್ರಿಯೇ ಲೋಳೆ, ನಾರು ತೊಳೆದು ಒಣಗಿಸಬೇಕು. ಐದು ಕಾಯಿಯ ಬೀಜ, ಒಂದು ಬಕೆಟ್. ಅದನ್ನು ನಾನು ತರಗತಿಯಲ್ಲೇ ಮರೆತು ಬಂದಿದ್ದೆ.

ರಾತ್ರಿ ಎಂಟಕ್ಕೆ ಬಾಗಿಲು ತಟ್ಟಿದ ಸದ್ದು. ಕೈಯಲ್ಲಿ ಬಕೆಟ್ ಹಿಡಿದು ಅವರು ನಿಂತಿದ್ದರು. “ಸಿಂಕ್ ಎಲ್ಲಿದೆ?” ಅಂದರು, ಅಷ್ಟೇ. ಹೇಗಿದ್ದೀಯ ಅಂತ ಕೇಳಲಿಲ್ಲ. ಎಲ್ಲ ಸರಿ ಹೋಗುತ್ತೆ ಅಂತ ಹೇಳಲಿಲ್ಲ. ತೋಳು ಮಡಚಿ ತೊಳೆಯಲು ಶುರು ಮಾಡಿದರು. ನಾನು ಪಕ್ಕದಲ್ಲಿ ನಿಂತು ನಾರು ಬಿಡಿಸಿದೆ. ಫೋನ್ ಸದ್ದಾದಾಗಲೆಲ್ಲ ಅವರು ನಲ್ಲಿ ನಿಲ್ಲಿಸುತ್ತಿದ್ದರು. ನಾನು ಮಾತಾಡಿ ಮುಗಿಸಿದ ಮೇಲೆ ಮತ್ತೆ ನಲ್ಲಿ ತಿರುಗಿಸುತ್ತಿದ್ದರು.

ಎರಡು ಗಂಟೆಗೆ ಅಣ್ಣ ಮತ್ತೆ ಫೋನ್ ಮಾಡಿದ. ಊರಲ್ಲಿ ಆಗ ಹಗಲು ಹನ್ನೊಂದೂವರೆ. ಅವನು ಏನೂ ಹೇಳದೆ ಅಳುತ್ತಿದ್ದ. ಅವನು ಅತ್ತದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ನಾನು ನೆಲದ ಮೇಲೆ ಕುಸಿದೆ. ಅವರೂ ಒದ್ದೆ ಕೈಯಲ್ಲೇ ನನ್ನ ಪಕ್ಕ ನೆಲಕ್ಕೆ ಕೂತರು. ನಾನು ಮಾತಾಡಲು ಶುರು ಮಾಡಿದೆ. ಅಮ್ಮನನ್ನು ಬಿಟ್ಟು ಇಷ್ಟು ದೂರ ಬಂದದ್ದು, ಹೋದ ವರ್ಷ ಊರಿಗೆ ಬರುತ್ತೇನೆ ಅಂದು ಬಾರದೆ ಇದ್ದದ್ದು, ಎಲ್ಲ ಹೇಳಿದೆ. ಅರ್ಧ ಗಂಟೆ ಆಗಿರಬಹುದು. ಅಷ್ಟೂ ಹೊತ್ತು ಕನ್ನಡದಲ್ಲೇ ಮಾತಾಡುತ್ತಿದ್ದೆ ಅಂತ ಗೊತ್ತಾದದ್ದು ಮಾತು ನಿಂತ ಮೇಲೆ. ಅವರು ಒಂದು ಸಲವೂ ತಡೆಯಲಿಲ್ಲ. ನನ್ನ ಮುಖವನ್ನೇ ನೋಡುತ್ತಾ ಕೇಳಿದರು.

ಆಮೇಲೆ ಎದ್ದು ಬೀಜಗಳನ್ನು ತಟ್ಟೆಯಲ್ಲಿ ಹರಡಿ ಓವನ್ನಿನ ಸಣ್ಣ ಕಾವಿನಲ್ಲಿ ಇಟ್ಟರು. ಮನೆಗೆ ಹೋಗಲಿಲ್ಲ. ಅಡುಗೆಮನೆಯ ಕುರ್ಚಿಯಲ್ಲೇ ಕೂತು ಬೀಜ ತಿರುವುತ್ತಾ ಬೆಳಗು ಮಾಡಿದರು. ಆರು ಗಂಟೆಗೆ ಅಮ್ಮ ಕಣ್ಣು ಬಿಟ್ಟಳು ಅನ್ನುವ ಸುದ್ದಿ ಬಂದಾಗ ನನಗಿಂತ ಮೊದಲು ಅವರು ಅತ್ತರು. ಫೋನಿನಲ್ಲಿ ಹೇಳಿದ್ದು ಅವರಿಗೆ ತಿಳಿಯುವಂತಿರಲಿಲ್ಲ, ನನ್ನ ಮುಖ ನೋಡಿದ್ದರು ಅಷ್ಟೇ.

ಗುರುವಾರ ನಾನು ಮಲಗಿದೆ, ತರಗತಿಯನ್ನು ಅವರು ನೋಡಿಕೊಂಡರು. ಶುಕ್ರವಾರ ಹೊರಡುವ ಮುಂಚೆ ನಾನು ಶಾಲೆಗೆ ಹೋದೆ. ಮುತ್ತುಗದ ಎಲೆಗಳನ್ನು ಸೇರಿಸಿ ಕಡ್ಡಿ ಚುಚ್ಚಿ ಊಟದ ಎಲೆ ಮಾಡುವುದನ್ನು ಅಮ್ಮ ನನಗೆ ಚಿಕ್ಕಂದಿನಲ್ಲೇ ಕಲಿಸಿದ್ದಳು. ಮಕ್ಕಳು ಅದನ್ನೇ ಮೇಪಲ್ ಎಲೆಯಲ್ಲಿ ಮಾಡಿದರು. ಪುಟ್ಟ ಬೆರಳುಗಳು, ಹರಿದ ಎಲೆಗಳು, ಮತ್ತೆ ಮತ್ತೆ ಹೊಸ ಎಲೆ. ಒಂದೊಂದು ತಟ್ಟೆಯ ಮೇಲೂ ಹತ್ತು ಕುಂಬಳದ ಬೀಜ. ಅವತ್ತಿನ ಫೋಟೋಗಳನ್ನು ಅಮ್ಮ ದಿನಾ ಒಂದು ಸಲ ನೋಡುತ್ತಾಳೆ. “ಆ ಕೊನೇ ಹುಡುಗ ಚೆನ್ನಾಗಿ ಹಚ್ಚಿದ್ದಾನೆ” ಅಂತಾಳೆ.

ಶುಕ್ರವಾರದ ತನಕ ಕಾಯದೆ, ಹೇಗಾದರೂ ಮಾಡಿ ಮುಂಚೆಯೇ ಹೊರಡಬೇಕಿತ್ತಾ ಅನ್ನುವ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ. ಆದರೆ ಆ ರಾತ್ರಿ ಒಬ್ಬಳೇ ಇದ್ದಿದ್ದರೆ ಬೆಳಗಿನ ತನಕ ಹೇಗಿರುತ್ತಿದ್ದೆನೋ ಗೊತ್ತಿಲ್ಲ.

ಅವರಿಗೆ ಕನ್ನಡ ಬರುವುದಿಲ್ಲ. ವಾಪಸ್ ಹೋದ ಮೇಲೆ ಅದೇ ಅಡುಗೆಮನೆಯಲ್ಲಿ ಕೂರಿಸಿ ಇದನ್ನು ಓದುತ್ತೇನೆ. ಅರ್ಥ ಆಮೇಲೆ ಹೇಳುತ್ತೇನೆ. ಮೊದಲು ಕನ್ನಡದಲ್ಲೇ ಓದುತ್ತೇನೆ.